ಮೊದಲ ಪಾಠದ ಬೀಗ

1997ರ ಮಾರ್ಚ್ 24, ಸೋಮವಾರ, ಬೆಳಿಗ್ಗೆ 10-40. ಊರಿನ ಒಂದು ಖಾಸಗಿ ಕಾಲೇಜಿನ ಪ್ರಿನ್ಸಿಪಾಲ ದೌಲತರಾಯರು ಬೆವರು ಒರೆಸಿಕೊಳ್ಳುತ್ತ ಜೇವರ್ಗಿ ಠಾಣೆಗೆ ಬಂದರು. ಆರು ತಿಂಗಳ ಹಿಂದೆ ಕಚೇರಿಗೆ ಬಂದ ಕಂಪ್ಯೂಟರಿಗೆ ಯಾರೋ ಪಾಸ್‌ವರ್ಡ್ ಹಾಕಿದ್ದಾರೆ, ಒಳಗೆ ಬಿಡುತ್ತಿಲ್ಲ. 212 ವಿದ್ಯಾರ್ಥಿಗಳ ಪ್ರಾಯೋಗಿಕ ಪರೀಕ್ಷೆಯ ಅಂಕಗಳು ಅದರಲ್ಲಿವೆ. ಕೈಬರಹದ ಮೂಲ ಹಾಳೆಗಳೂ ಬೀರುವಿನಿಂದ ಮಾಯವಾಗಿವೆ. ಬುಧವಾರ ಸಂಜೆಯೊಳಗೆ ಪಟ್ಟಿ ಗುಲ್ಬರ್ಗ ಮುಟ್ಟದಿದ್ದರೆ ಅಷ್ಟೂ ಮಕ್ಕಳು ನಪಾಸು.

ಸಬ್ ಇನ್ಸ್‌ಪೆಕ್ಟರ್ ಚಂದ್ರಾಮಪ್ಪನವರು ಎಫ್‌ಐಆರ್ ದಾಖಲಿಸಿ ಕಾಲೇಜಿಗೆ ಹೋದರು. ಟೈಪಿಸ್ಟ್ ಶಾಂತಲಿಂಗಪ್ಪನವರದು ಇಪ್ಪತ್ತಾರು ವರ್ಷದ ಸೇವೆ, ತಾಲೂಕಿಗೇ ವೇಗದ ಕೈ. ಅವರು ಜವಾನ ಬುರಾನುದ್ದೀನನ ಕಡೆ ಬೆರಳು ತೋರಿಸಿದರು.

“ಆಫೀಸಿನ ಕೀಲಿಕೈ ಅವನ ಹತ್ರಾನೇ ಇರ್ತದ್ರಿ. ಶನಿವಾರ ಮಿಷಿನ್ ಮುಂದ ಕುಂತಿದ್ದ. ನಾ ನೋಡೇನಿ.”

ಬುರಾನುದ್ದೀನನನ್ನು ಠಾಣೆಗೆ ತಂದರು.

“ಪಾಸ್‌ವರ್ಡ್ ಏನು ಹಾಕಿದಿ ಲೇ?”

“ನಾ ಮುಟ್ಟಿಲ್ರಿ ಸಾಹೇಬ್ರ.”

“ಮತ್ಯಾರು ಹಾಕಿದ್ರು?”

ಆತ ನೆಲ ನೋಡಿದ. ಚಂದ್ರಾಮಪ್ಪನವರು ಕೆನ್ನೆಗೊಂದು ಬಿಟ್ಟರು. ಆಗಲೂ ಬಾಯಿ ಬಿಡಲಿಲ್ಲ. ಬಡವನ ಮೌನವನ್ನು ತಪ್ಪೊಪ್ಪಿಗೆ ಎಂದು ಓದಿಕೊಳ್ಳುವುದು ನಮ್ಮ ಠಾಣೆಗಳ ಹಳೆಯ ಚಟ.

ಮಂಗಳವಾರ ಬೆಳಿಗ್ಗೆ ಹೇಳಿಕೆಗೆ ಸಹಿ ಕೇಳಿದಾಗ ಬುರಾನುದ್ದೀನ ಹೆಬ್ಬೆರಳು ಚಾಚಿದ. ಅಕ್ಷರ ಗೊತ್ತಿಲ್ಲದವನು ಪಾಸ್‌ವರ್ಡ್ ಹೇಗೆ ಹಾಕಿಯಾನು? ಇದನ್ನು ಹೊಡೆಯುವ ಮೊದಲೇ ಕೇಳಬೇಕಿತ್ತು ಎಂದು ಚಂದ್ರಾಮಪ್ಪನವರಿಗೆ ನಾಚಿಕೆಯಾಯಿತು.

11-15ಕ್ಕೆ ಪಂಚರ ಎದುರು ಕಂಪ್ಯೂಟರ್ ಹಚ್ಚಿದರು. ಗುಲ್ಬರ್ಗದ ಮೆಕ್ಯಾನಿಕ್ ಗುರುವಾರಕ್ಕೆ ಮೊದಲು ಬರಲಾರೆ ಎಂದಿದ್ದ.

“ಈ ಕುರ್ಚಿ ಮ್ಯಾಲ ದಿನಾ ಯಾರು ಕೂಡ್ತಾರ?” ಎಂದು ಚಂದ್ರಾಮಪ್ಪನವರು ಕೇಳಿದರು.

“ಶಾಂತಲಿಂಗಪ್ಪ ಒಬ್ಬರೇ ರಿ,” ಎಂದರು ದೌಲತರಾಯರು. “ಬಾಗಿಲಾ ಹಾಕ್ಕೊಂಡು ಟೈಪ್ ಮಾಡ್ತಾರ. ಸಪ್ಪಳ ಹೊರಗ ಕೇಳ್ತದ. ಇವತ್ತ ರಜಾ ಹಾಕ್ಯಾರ.”

ಅಫಜಲಪುರದಲ್ಲಿ ಟೈಪಿಂಗ್ ಕಲಿತಿದ್ದ ಪೇದೆ ಗೌಸಿಯಾಬೇಗಂ ಮುಂದೆ ಬಂದಳು. “ಟೈಪಿಸ್ಟ್‌ರ ಬೆರಳು ಮೊದಲ ಎಲ್ಲಿ ಹೋಗ್ತಾವ, ನೋಡ್ತೇನಿ ತಡೀರಿ ಸರ್.”

ಎಡಗೈಯ ನಾಲ್ಕು ಕೀಲಿ: ಎ, ಎಸ್, ಡಿ, ಎಫ್. ಬಲಗೈಯ ನಾಲ್ಕು: ಸೆಮಿಕೋಲನ್, ಎಲ್, ಕೆ, ಜೆ. ಟೈಪಿಂಗ್ ಶಾಲೆಯ ಮೊದಲ ಪಾಠ. ಕಂಪ್ಯೂಟರ್ ತೆರೆಯಿತು.

ಒಳಗೆ ಇದ್ದದ್ದು ಒಂದೇ ಫೈಲು. ಅದರಲ್ಲಿ ಅಂಕಗಳಿರಲಿಲ್ಲ. ನಲವತ್ತು ಪುಟ ತುಂಬ ಅವೇ ಎಂಟು ಅಕ್ಷರ. ಆರು ತಿಂಗಳು ಬಾಗಿಲ ಹೊರಗೆ ಕೇಳಿಸಿದ್ದು ಆ ಸಪ್ಪಳ. ದೌಲತರಾಯರು ಮುಖ ತಿರುಗಿಸಿದರು.

ಮಧ್ಯಾಹ್ನ 1-30ಕ್ಕೆ ಶಾಂತಲಿಂಗಪ್ಪನವರ ಮನೆ. ಹಿಂದಿನ ಕೋಣೆಯಲ್ಲಿ, ಸಪ್ಪಳ ಹೊರಗೆ ಹೋಗದಂತೆ ಮಡಚಿಟ್ಟ ಕೌದಿಯ ಮೇಲೆ, ಕಾಲೇಜಿನ ಹಳೆಯ ಟೈಪ್‌ರೈಟರ್. ಪಕ್ಕದಲ್ಲಿ ಕಳವಾದ ಹಾಳೆಗಳು, ಟೈಪಾದ 186 ಹೆಸರು. ಎಲ್ಲಿಯೂ ಒಂದು ತಿದ್ದುಪಡಿ ಇಲ್ಲ.

“ಕಂಪ್ಯೂಟರ್ ಟ್ರೇನಿಂಗದಾಗ ಬೀಗ ಹಾಕೋದೊಂದೇ ತಲಿಗಿ ಹತ್ತಿತ್ರಿ,” ಎಂದರು ಶಾಂತಲಿಂಗಪ್ಪನವರು. “ಎಲ್ಲಾ ಕಲತೇನಿ ಅಂದಬಿಟ್ಟೆ. ಆಮ್ಯಾಲ ಬರಂಗಿಲ್ಲ ಅನ್ನಾಕ ನಾಚಿಕಿ ಆತು. ಎರಡು ದಿನ ಸಿಕ್ಕರ ಇದರಾಗೇ ಮುಗಿಸ್ತೇನಿ ಅಂತ…”

“ಬುರಾನನ ಹೆಸರು ಯಾಕ ಹೇಳಿದ್ರಿ?”

ಶಾಂತಲಿಂಗಪ್ಪನವರು ಹಾಳೆಗಳ ಅಂಚು ಸರಿಮಾಡತೊಡಗಿದರು. ಪಂಚನಾಮೆ ಬರೆದು ಅವರನ್ನು ಬಂಧಿಸಿದರು. ಜಪ್ತಿಯಾದ ಟೈಪ್‌ರೈಟರನ್ನು ಠಾಣೆಯ ಪಕ್ಕದ ಕೋಣೆಯಲ್ಲಿಟ್ಟು, ಉಳಿದ 26 ಹೆಸರು ಮುಗಿಸಲು ಅವರನ್ನೇ ಕೂರಿಸಿದರು. ಗೌಸಿಯಾಬೇಗಂ ಓದಿ ಹೇಳುತ್ತಿದ್ದಳು.

ಬುರಾನುದ್ದೀನನನ್ನು ಬಿಡುವಾಗ ಚಂದ್ರಾಮಪ್ಪನವರಿಗೆ ಅವನ ಕೆನ್ನೆಯ ಕಡೆ ನೋಡಲಾಗಲಿಲ್ಲ.

“ಅವರಿಗಿ ಕಂಪ್ಯೂಟರ್ ಬರಂಗಿಲ್ಲಂತ ನಿನಗ ಗೊತ್ತಿತ್ತೇನು?”

“ಚಾ ಕೊಡಾಕ ಹೋದಾಗ ನೋಡ್ತಿದ್ದೆ ರಿ. ಆ ಹಳೇ ಮಿಷಿನ್ ಅವರ ಮನಿಗಿ ಹೊತ್ತಾಂವ ನಾನೇ.”

“ಮತ್ತ ಹೊಡದಾಗರ ಹೇಳಬಾರದೇನು?”

“ಇಪ್ಪತ್ತು ವರ್ಷ ಅವರ ಕೈ ನೋಡೇನ್ರಿ ಸಾಹೇಬ್ರ. ಅವರಿಗಿ ಬರಂಗಿಲ್ಲಂತ ನಾ ಹೆಂಗ ಹೇಳ್ಲಿ?”

ಪಕ್ಕದ ಕೋಣೆಯಲ್ಲಿ ಸಪ್ಪಳ ನಿಂತಿತು.

“ಇನ್ನ ಒಂಬತ್ತು ಹೆಸರು ಅದಾವ್ರಿ,” ಎಂದಳು ಗೌಸಿಯಾಬೇಗಂ. ಕೀಲಿಗಳು ಒಂದೊಂದಾಗಿ ಮತ್ತೆ ಶುರುವಾದವು.

ಪಟ್ಟಿ ಬುಧವಾರ ಬೆಳಿಗ್ಗೆಯೇ ಗುಲ್ಬರ್ಗ ಮುಟ್ಟಿತು. ಕೊನೆಯ ಒಂಬತ್ತು ಹೆಸರುಗಳಲ್ಲಿ ಮಾತ್ರ ತಿದ್ದಿದ ಗುರುತುಗಳಿದ್ದವು.