ಎಡಗಾಲಿನ ಚಪ್ಪಲಿ ಕದ್ದವನು

"ಹಾಳಾದ್ದು, ಮತ್ತೆ ಹೋಯ್ತು!"

ಬೀಗ ರಿಪೇರಿಯವನು ಮೇಜಿನ ಕೆಳಗೆ ತಡಕಾಡಿದ. ಬಲಗಾಲಿನ ಚಪ್ಪಲಿಯಿದೆ, ಎಡಗಾಲಿನದು ಮಾಯ. ಇದು ಮೂರನೆಯ ಸಲ! ಬೀದಿಗೆಲ್ಲ ಬೀಗ ಕೂರಿಸಿಕೊಡುವವನ ಚಪ್ಪಲಿಗೇ ಕನ್ನ! ಅದೂ ಒಂದಕ್ಕೇ!

ಅವನಿಗೆ ರೇಗಿಹೋಯಿತು. ಕಟ್ಟಡದ ಮಾಲೀಕರಿಗೆ ಫೋನ್ ಮಾಡಿ, ಇದೆಲ್ಲ ವಾಚ್‌ಮನ್‌ನದೇ ಕಿತಾಪತಿ ಎಂದು ಕೂಗಾಡಿದ. ಸಂಜೆಯೊಳಗೆ ಅವನನ್ನು ಕೆಲಸದಿಂದ ತೆಗೆಯುತ್ತೇನೆಂದರು ಅವರು. ಅಷ್ಟಕ್ಕೂ ಸಮಾಧಾನವಾಗದೆ, ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದ ಅಕ್ಕನನ್ನು ಕರೆಸಿದ.

"ಚಪ್ಪಲಿ ಯಾವಾಗ ಬಿಚ್ಚಿದೆ?" ಅಕ್ಕ ಕೇಳಿದಳು.

"ಬೆಳಿಗ್ಗೆ ಬಂದ ತಕ್ಷಣ."

"ಎರಡನ್ನೂ?"

"ಒಂದನ್ನೇ ಹಾಕ್ಕೊಂಡು ಬರೋಕೆ ನನಗೇನು ತಲೆ ಕೆಟ್ಟಿದ್ಯಾ?"

"ಆಮೇಲೆ ಅಂಗಡಿ ಬಿಟ್ಟು ಹೋಗಿದ್ದೆಯಾ?"

"ಬಾತ್‌ರೂಮಿಗೆ. ಗಳಿಗೆಗೊಂದು ಸಲ ಬರಿಗಾಲಲ್ಲೇ ಓಡ್ತೀನಿ, ಅಷ್ಟು ಅವಸರ. ಆಗಲೇ ಲಪಟಾಯಿಸಿದ್ದು!"

ವಾಚ್‌ಮನ್ ಕೈಮುಗಿದ. "ಅಮ್ಮಾ, ಈ ಕೆಲಸ ಹೋದ್ರೆ ಮನೆಯವರೆಲ್ಲ ಬೀದಿಪಾಲು. ಒಂಟಿ ಚಪ್ಪಲಿ ಕಟ್ಕೊಂಡು ನಾನೇನ್ ಮಾಡ್ಲಿ?"

ಅಕ್ಕ ಹೊರಗೆ ಹೋದವಳು ಸ್ವಲ್ಪ ಹೊತ್ತಿಗೆ ಆ ಚಪ್ಪಲಿ ಹಿಡಿದು ಬಂದಳು.

"ನೀನು ದಿನಾ ಬರೋ ಗಲ್ಲೀಲೇ ಸಿಕ್ತು."

"ನೋಡಿದ್ಯಾ! ಕದ್ದು ಬಿಸಾಕಿದ್ದಾನೆ!"

"ಬಿಸಾಕಿದ್ರೆ ಹ್ಯಾಗ್ಹ್ಯಾಗೋ ಬಿದ್ದಿರ್ತಿತ್ತು. ಇದು ದಾರಿ ಮಧ್ಯೆ, ನೆಟ್ಟಗೆ, ಅಂಗಡಿ ಕಡೆ ಮುಖ ಮಾಡ್ಕೊಂಡು ಕೂತಿತ್ತು. ಎಡಗಾಲು ಸ್ಟೂಲಿನ ಮೇಲೆ ಚಾಚಿ ಕಣ್ಣು ಮುಚ್ಚು."

ಗೊಣಗುತ್ತ ಮುಚ್ಚಿದ. ಅಕ್ಕ ಒಂದು ಕೀಲಿಕೈಯಿಂದ ಅವನ ಎಡಗಾಲಿನ ಬೆರಳ ತುದಿಯನ್ನು ಒತ್ತಿದಳು.

"ಗೊತ್ತಾಯ್ತಾ?"

"ಏನು? ನೀನಿನ್ನೂ ಮುಟ್ಟೇ ಇಲ್ವಲ್ಲ!"

"ಅಯ್ಯೋ ಸಾರ್, ಗಾಜು!" ಎಂದ ವಾಚ್‌ಮನ್. ಅಂಗಾಲಿನಲ್ಲಿ ಗಾಜಿನ ಚೂರು ನಾಟಿತ್ತು. ಸುತ್ತ ರಕ್ತ ಒಣಗಿತ್ತು.

ಅಕ್ಕನ ದನಿ ಏರಿತು. "ಯಾರೂ ಕದ್ದಿಲ್ಲ ಕಣೋ! ನಡೀತಾ ನಡೀತಾ ಕಾಲಿಂದ ಜಾರಿದೆ, ನಿನಗೆ ಗೊತ್ತೇ ಆಗಿಲ್ಲ. ಗಾಜು ಚುಚ್ಚಿದ್ದೂ ಗೊತ್ತಾಗಿಲ್ಲ. ರಾತ್ರಿ ಪಾದ ಉರಿಯುತ್ತೆ ಅಂತ ಎಣ್ಣೆ ಹಚ್ಕೊಂಡು ಮಲಗ್ತೀಯ. ಮೇಜಿನ ತುಂಬ ಖಾಲಿ ನೀರಿನ ಬಾಟ್ಲಿ. ಗಳಿಗೆಗೊಂದು ಸಲ ಬಾತ್‌ರೂಮು. ಇದು ಬರೀ ಕಾಲಿನ ಕಾಯಿಲೆಯಲ್ಲ, ಮೈಯೆಲ್ಲಾ ಹೊಕ್ಕಿರೋದು. ನನ್ನ ಅನುಮಾನ ಸಕ್ಕರೆ ಕಾಯಿಲೆ ಮೇಲೆ. ನಮ್ಮ ಸ್ಟೇಷನ್ನಿನ ಹೆಡ್ ಕಾನ್‌ಸ್ಟೇಬಲ್ ಹೀಗೇ ಅಸಡ್ಡೆ ಮಾಡಿ ಕಾಲಿನ ಎರಡು ಬೆರಳು ಕಳ್ಕೊಂಡ. ಈಗ್ಲೇ ಆಸ್ಪತ್ರೆಗೆ ನಡಿ, ರಕ್ತ ಪರೀಕ್ಷೆ ಮಾಡ್ಸು."

ಅವನು ಕೂಗಾಡಲೆಂದು ಬಾಯಿ ತೆರೆದ. ಯಾರ ಮೇಲೆ ಕೂಗಾಡುವುದು? ಹಲ್ಲು ಕಚ್ಚಿಕೊಂಡು ಮಾಲೀಕರಿಗೆ ಫೋನ್ ಮಾಡಿದ.

"ಸಾರ್, ವಾಚ್‌ಮನ್‌ನ ತೆಗೀಬೇಡಿ. ಅವನದೇನೂ ತಪ್ಪಿಲ್ಲ."

"ಮತ್ತೆ ಕದ್ದಿದ್ದು ಯಾರ್ರೀ?"

"ನಂದೇ ಕಾಲು ಸಾರ್."

ಫೋನ್ ಇಟ್ಟು, ವಾಚ್‌ಮನ್‌ನ ಹೆಗಲು ಹಿಡಿದು ಎದ್ದ.