ಎರಡು ಕೊಕ್ಕೆಯ ವಾಕ್ಯ

ಸಂಜೆ ಆರೂವರೆಯ ಇಂಗ್ಲಿಷ್ ಕ್ಲಾಸಿನ ಟ್ಯೂಬ್‌ಲೈಟ್ ಎರಡು ದಿನದಿಂದ ಮಿಣುಕುತ್ತಿತ್ತು. ಕೊನೆಯ ಬೆಂಚಿನಲ್ಲಿ ನೀಲಿ ಯೂನಿಫಾರ್ಮ್ ತೊಟ್ಟು, ಸೊಂಟಕ್ಕೆ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಕೂತಿದ್ದವನನ್ನು ನೋಡಿ ಟೀಚರ್‌ಗೆ ಸಮಾಧಾನವಾಯಿತು.

"ಅದೇ ನೋಡಿ, ಬೋರ್ಡಿನ ಮೇಲಿರೋದು. ನೀವು ಬೇಗ ಮುಗಿಸಿದ್ರೆ ನಾನು ಪಾಠ ಶುರು ಮಾಡ್ತೀನಿ."

ಅವನು ಅರೆಕ್ಷಣ ಅವಳ ಮುಖ ನೋಡಿದ. ಸ್ಟೂಲ್ ಎಳೆದು ಹತ್ತಿ, ಸ್ಟಾರ್ಟರ್ ಬಿಚ್ಚಿ, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಕೂರಿಸಿದ. ಬೆಳಕು ನೆಟ್ಟಗೆ ನಿಂತಿತು. ಇಳಿದು, ಕೈ ಕೊಡವಿಕೊಂಡು, ಹೋಗಿ ಅದೇ ಬೆಂಚಿನಲ್ಲಿ ಕೂತ.

"ಇನ್ನೇನಾದ್ರೂ ಬಾಕಿ ಇದ್ಯಾ?" ಎಂದಳು ಟೀಚರ್.

"ಪಾಠ ಬಾಕಿ ಇದೆ, ಟೀಚರ್. ನಾನು ಹೊಸ ಸ್ಟೂಡೆಂಟು."

ಇಡೀ ಕ್ಲಾಸು ನಕ್ಕಿತು. ಅವಳ ಕಿವಿ ಬಿಸಿಯಾಯಿತು. ಅವನು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ನೋಟ್‌ಬುಕ್ಕಿನ ಮೊದಲ ಪುಟವನ್ನು ಅಂಗೈಯಿಂದ ಸವರುತ್ತಿದ್ದ. ತುಟಿಯ ಒಂದು ಮೂಲೆಯಷ್ಟೇ ಅವನ ಮಾತು ಕೇಳದೆ ಮೇಲೆದ್ದಿತ್ತು.

ಅವನು ಲಿಫ್ಟ್ ಮೆಕ್ಯಾನಿಕ್. ಹದಿನೆಂಟು ವರ್ಷದ ಅನುಭವ. ಇನ್ನು ಮುಂದೆ ಪ್ರತಿ ರಿಪೇರಿಯ ವರದಿಯನ್ನೂ ಇಂಗ್ಲಿಷಿನಲ್ಲೇ ಬರೆಯಬೇಕೆಂದು ಕಂಪನಿ ಹೇಳಿತ್ತು. ಏನು ಕೆಟ್ಟಿತು, ಯಾಕೆ ಕೆಟ್ಟಿತು, ಅದಕ್ಕೆ ಏನು ಮಾಡಿದೆ. "ಕೈಗೆ ಗೊತ್ತಿರೋದು ಪೆನ್ನಿಗೆ ಗೊತ್ತಾಗ್ತಿಲ್ಲ ಟೀಚರ್" ಎಂದು ಅವನು ಮೊದಲ ದಿನವೇ ಒಪ್ಪಿಕೊಂಡ.

ಆ ವಾರದ ಪಾಠವೂ ಅದೇ ಆಗಿತ್ತು: ಕಾರಣಕ್ಕೆ ಬಿಕಾಸ್, ಫಲಕ್ಕೆ ಸೋ. ಅವನು ಬರೆದು ತಂದ ಮೊದಲ ವಾಕ್ಯ: ಬಿಕಾಸ್ ಲೈಟ್ ವಾಸ್ ಬ್ಲಿಂಕಿಂಗ್, ಸೋ ಐ ರಿಪೇರ್ಡ್ ಇಟ್.

ಅವಳು ಕೆಂಪು ಪೆನ್ನಿನಲ್ಲಿ ಸೋ ಹೊಡೆದು ಹಾಕಿದಳು. "ಎರಡು ಮಾತು ಸೇರಿಸೋಕೆ ಒಂದು ಕೊಕ್ಕೆ ಸಾಕು. ಎರಡೆರಡು ಯಾಕೆ?"

"ಒಂದೇ ಕೊಕ್ಕೆ ನಂಬ್ಕೊಂಡು ನಮ್ಮ ಲಿಫ್ಟ್‌ಗೆ ಯಾರೂ ಹತ್ತಲ್ಲ, ಟೀಚರ್."

"ಇದು ಲಿಫ್ಟ್ ಅಲ್ಲ, ವಾಕ್ಯ. ಬಿದ್ರೆ ಯಾರಿಗೂ ಪೆಟ್ಟಾಗಲ್ಲ."

ಅವನು ಒಪ್ಪಿದ. ಅಂದಿನಿಂದ ಒಂದೇ ಕೊಕ್ಕೆ ಹಾಕತೊಡಗಿದ. ಆದರೆ ಯಾವುದನ್ನು ಎಲ್ಲಿ ಹಾಕಬೇಕೆಂಬುದು ಮಾತ್ರ ತಲೆಗೆ ಹತ್ತಲಿಲ್ಲ. "ಹಸಿವಾಯ್ತು, ಯಾಕಂದ್ರೆ ಊಟ ಮಾಡ್ದೆ" ಎಂಬ ಅರ್ಥ ಬರುವಂತೆ ಬರೆಯುತ್ತಿದ್ದ. ಒಂದು ದಿನ ತಡವಾಗಿ ಬಂದು, ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: ಐ ವಾಸ್ ಲೇಟ್ ಬಿಕಾಸ್ ಟೀಚರ್ ಈಸ್ ಆಂಗ್ರಿ.

"ಅಂದ್ರೆ, ನಾನು ಕೋಪ ಮಾಡ್ಕೊಂಡಿದ್ದಕ್ಕೆ ನೀವು ಲೇಟಾದ್ರಾ?"

"ಹಾಗಂತ್ಲೇ ಇಟ್ಕೊಳ್ಳಿ. ಹೆದರ್ಕೊಂಡು ಮೆಟ್ಟಿಲಲ್ಲೇ ನಿಂತಿದ್ದೆ."

ಅವನು ಸೀಮೆಸುಣ್ಣ ಮರಳಿ ಕೊಡುವಾಗ ಅವಳು ಎತ್ತಲೋ ನೋಡುತ್ತಾ ತೆಗೆದುಕೊಂಡಳು. ಅಂಗೈಯಲ್ಲಿ ಗ್ರೀಸಿನ ಗೆರೆಯೊಂದು ಉಳಿಯಿತು. ಮನೆಗೆ ಹೋಗಿ ಕೈ ತೊಳೆಯುವಾಗ ಆ ಗೆರೆ ಸೋಪಿಗೆ ಬಗ್ಗಲಿಲ್ಲ, ಅವಳೂ ಅಷ್ಟೇನೂ ಉಜ್ಜಲಿಲ್ಲ.

ಕ್ಲಾಸಿನಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಅವಳು ಮಾತ್ರ "ಇವರೇ, ಇಲ್ಲಿ ನೋಡಿ" ಎನ್ನುತ್ತಿದ್ದಳು. ಮುಂದಿನ ಬೆಂಚಿನ ನರ್ಸಮ್ಮನ ಕಣ್ಣಿಗೆ ಇದು ಬಿತ್ತು. "ನಮ್ಮ ಟೀಚರ್ ಬಾಯಲ್ಲಿ ಅಣ್ಣ ಅನ್ನೋದು ಬರೋದೇ ಇಲ್ಲ ನೋಡಿ" ಎಂದು ಆಕೆ ಪಕ್ಕದವಳಿಗೆ ಹೇಳಿದ್ದು ಕ್ಲಾಸಿಗೆಲ್ಲ ಕೇಳಿಸಿತು. ಟೀಚರ್ ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

ಅವಳಿಗೆ ಮೂವತ್ತೇಳು. ಮನೆಯಲ್ಲಿ ಅಮ್ಮ, ಅವಳು. ಹತ್ತು ವರ್ಷದ ಹಿಂದೆ ಮದುವೆ ನಿಶ್ಚಯವಾಗಿತ್ತು. ಇನ್ನೇನು ಹದಿನೈದು ದಿನ ಎನ್ನುವಾಗ ಹುಡುಗನ ಕಡೆಯವರು ಬೇಡವೆಂದರು. ಯಾಕೆಂದು ಕೊನೆಗೂ ಹೇಳಲಿಲ್ಲ. ಆಮೇಲೆ ಆ ಮಾತು ಎತ್ತಿದವರಿಗೆಲ್ಲ ಅವಳ ಬಳಿ ಚೂರಿಯಂಥ ಉತ್ತರಗಳಿರುತ್ತಿದ್ದವು.

ಅದು ಅವನಿಗೆ ಗೊತ್ತಿರಲಿಲ್ಲ. ಕ್ಲಾಸು ಮುಗಿದು ಇಬ್ಬರೂ ಜೊತೆಗೇ ಮೆಟ್ಟಿಲಿಳಿಯುವುದು ಅಷ್ಟರಲ್ಲಿ ರೂಢಿಯಾಗಿತ್ತು. ಲಿಫ್ಟಿಗಿಂತ ಮೆಟ್ಟಿಲಲ್ಲಿ ಹೊತ್ತು ಹೆಚ್ಚು ಹಿಡಿಯುತ್ತದೆ ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಒಂದು ಸಂಜೆ ಎರಡನೇ ಮಹಡಿಯ ತಿರುವಿನಲ್ಲಿ ಅವನು ಮೆಲ್ಲಗೆ ಕೇಳಿದ, "ಒಂದು ಕೇಳ್ಲಾ ಟೀಚರ್? ನೀವು ಯಾಕೆ ಮದುವೆ ಆಗ್ಲಿಲ್ಲ?"

"ಅದು ಸಿಲಬಸ್‌ನಲ್ಲಿಲ್ಲ."

ಅವನು ಮೆಟ್ಟಿಲ ಮೇಲೇ ನಿಂತುಬಿಟ್ಟ. ಅವಳು ತಿರುಗಿ ನೋಡದೆ ಇಳಿದು ಹೋದಳು.

ಮರುದಿನ ಅವನು ಬರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯಿತು. ಖಾಲಿ ಬೆಂಚಿನ ಕಡೆ ನೋಡಬಾರದೆಂದುಕೊಂಡಷ್ಟೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ತಪ್ಪು ತನ್ನದೇ ಎಂದು ಅವಳಿಗೆ ಖಾತ್ರಿಯಾಗಿತ್ತು. ನಾನು ಹಾಗಂದೆ, ಅದಕ್ಕೇ ಅವರು ಬರ್ತಿಲ್ಲ.

"ಯಾಕೆ ಪುಟ್ಟಿ, ಅನ್ನ ಕಲೆಸ್ತಾನೇ ಇದ್ದೀಯಲ್ಲ" ಎಂದರು ಅಮ್ಮ.

ಹನ್ನೊಂದನೇ ದಿನ ನರ್ಸಮ್ಮ ಸುದ್ದಿ ತಂದಳು. "ಲಿಫ್ಟಣ್ಣನ್ನ ಕೆಲಸದಿಂದ ಸಸ್ಪೆಂಡ್ ಮಾಡಿದ್ದಾರಂತೆ ಟೀಚರ್. ನಮ್ಮ ಬೀದಿಯ ಆಚೆ ತುದೀಲೇ ಅವರ ಮನೆ."

ಮರುದಿನ ಬೆಳಿಗ್ಗೆ ಅವಳು ಆ ಮನೆಯ ಬಾಗಿಲು ತಟ್ಟಿದಳು. ತೆರೆದವರು ಅವನನ್ನು ಸಾಕಿ ಬೆಳೆಸಿದ ದೊಡ್ಡಮ್ಮ. ಮನೆಯಲ್ಲಿ ಇದ್ದದ್ದು ಅವರಿಬ್ಬರೇ. ಕನ್ನಡಕ ಏರಿಸಿ ಇವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಒಳಗೆ ತಿರುಗಿ, "ಲೋ, ನಿನ್ನ ಬಿಕಾಸ್ ಟೀಚರ್ ಬಂದಿದ್ದಾರೆ" ಎಂದರು.

ಅವನು ಗಡ್ಡ ಬಿಟ್ಟಿದ್ದ. ಕುರ್ಚಿಯ ಮೇಲಿದ್ದ ಬಟ್ಟೆ ರಾಶಿಯನ್ನು ಎತ್ತಿ ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

"ನಾನು ಅವತ್ತು ಹಾಗೆ ಅನ್ನಬಾರದಿತ್ತು" ಎಂದಳು ಅವಳು.

"ಯಾವತ್ತು? ಓ, ಅದಾ. ಅದಕ್ಕಲ್ಲ ಟೀಚರ್ ನಾನು ಬರದಿದ್ದು. ನಿಮಗೆ ಹೇಗೆ ಮುಖ ತೋರಿಸೋದು ಅಂತ." ಬಟ್ಟೆಯಡಿಯಿಂದ ಒಂದು ಹಾಳೆ ತೆಗೆದು ಕೊಟ್ಟ.

ಅದು ಅವನೇ ಬರೆದ ವರದಿಯ ಪ್ರತಿ. ಮೆಟ್ಟಿಲಿನ ಆ ಮಾತಿನ ಮರುದಿನವೇ ದೊಡ್ಡ ಕಟ್ಟಡವೊಂದರಲ್ಲಿ ಅವನು ಲಿಫ್ಟ್ ತಪಾಸಣೆಗೆ ಹೋಗಿದ್ದಾಗ, ಬ್ರೇಕು ಸವೆದು ಲಿಫ್ಟ್ ಕೆಳಗೆ ಜಾರಿತ್ತು. ಒಳಗೊಬ್ಬ ಅಜ್ಜಿ ಇದ್ದರು. ಅದು ಮತ್ತೆ ಚಾಲೂ ಆಗಬಾರದೆಂದು ಅವನು ಕೂಡಲೇ ಮೇನ್ ಸ್ವಿಚ್ ತೆಗೆದು, ಲಿಫ್ಟ್ ಎಳೆಯುವ ಮೇಲಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಅಜ್ಜಿಯನ್ನು ಇಳಿಸಿದ್ದ. ಅಜ್ಜಿ ಅವನ ತಲೆ ಸವರಿ ಹೋಗಿದ್ದರು. ಆಮೇಲೆ ಅವನು ಯಾರ ಸಹಾಯವೂ ಇಲ್ಲದೆ, ಟೀಚರ್‌ಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ, ಮುದ್ದಾದ ಅಕ್ಷರದಲ್ಲಿ ಬರೆದಿದ್ದ:

ದ ಬ್ರೇಕ್ ಸ್ಲಿಪ್ಡ್ ಬಿಕಾಸ್ ಐ ಸ್ವಿಚ್ಡ್ ಆಫ್ ದ ಪವರ್.

ಅವಳು ಎರಡು ಸಲ ಓದಿದಳು. ಬ್ರೇಕು ಜಾರಿತು, ಅದಕ್ಕೆ ಪವರ್ ತೆಗೆದೆ ಎನ್ನಬೇಕಾದಲ್ಲಿ, ನಾನು ಪವರ್ ತೆಗೆದೆ, ಅದಕ್ಕೇ ಬ್ರೇಕು ಜಾರಿತು ಎಂದು ತನ್ನ ಮೇಲೆ ತಾನೇ ದೂರು ಬರೆದುಕೊಂಡಿದ್ದ.

"ಏನಾಯ್ತು ಅಂತ ಕಂಪನಿಯವರು ಕೇಳ್ಲಿಲ್ವಾ?"

"ನೀನೇ ಒಪ್ಕೊಂಡಿದ್ದೀಯಲ್ಲ ಅಂದ್ರು. ಏನು ಒಪ್ಕೊಂಡೆ ಅಂತ ಮನೆಗೆ ಬಂದು ಡಿಕ್ಷನರಿ ನೋಡಿದ್ಮೇಲೆ ಗೊತ್ತಾಯ್ತು. ಕನ್ನಡದಲ್ಲಿ ಹೇಳಿದ್ರೆ, ಈಗ ಮಾತು ತಿರುಗಿಸ್ತಿದ್ದೀಯ ಅಂದ್ರು."

ಅವಳು ಕುರ್ಚಿಯಲ್ಲಿ ಕೂತಳು. ಎರಡು ಕೊಕ್ಕೆಯ ಅವನ ಹಳೆಯ ತಪ್ಪು ವಾಕ್ಯವೇ ಇದ್ದಿದ್ದರೆ ಅರ್ಥವಾದರೂ ನೆಟ್ಟಗಿರುತ್ತಿತ್ತು. ಬಿದ್ದರೆ ಯಾರಿಗೂ ಪೆಟ್ಟಾಗುವುದಿಲ್ಲ ಎಂದು ತಾನು ಹೇಳಿದ ವಾಕ್ಯ ಬಿದ್ದಿತ್ತು, ಇವನ ಮೇಲೆಯೇ.

"ನಿಮ್ಮ ನೋಟ್‌ಬುಕ್ ಎಲ್ಲಿ? ಮುಖ ಕ್ಷೌರ ಮಾಡ್ಕೊಂಡು ಬನ್ನಿ. ಈಗ್ಲೇ ಹೊರಡೋಣ."

ಬಸ್ಸಿನಲ್ಲಿ ಅವಳೇ ಹಳೆಯ ಕಥೆ ಹೇಳಿದಳು. ನಿಶ್ಚಯವಾದದ್ದು, ಮುರಿದದ್ದು, ಕಾರಣ ತಿಳಿಯದೆ ವರ್ಷಗಟ್ಟಲೆ ತನ್ನಲ್ಲೇ ಐಬು ಹುಡುಕಿಕೊಂಡದ್ದು. ಹತ್ತು ವರ್ಷದಲ್ಲಿ ಅಮ್ಮನ ಹತ್ತಿರವೂ ಆಡಿರದ ಮಾತುಗಳು ಕಿಟಕಿಯ ಕಡೆ ನೋಡುತ್ತಾ ಹೇಳುವಾಗ ಸಲೀಸಾಗಿ ಬಂದವು. ಬಿಸಿಲು ಅವಳ ಮುಖಕ್ಕೆ ಬೀಳುತ್ತಿತ್ತು. ಅವನು ಕೈ ಚಾಚಿ ಕಿಟಕಿಯ ಪರದೆ ಎಳೆದ. ಅಷ್ಟೆ.

ಕಂಪನಿಯ ಕಚೇರಿಯಲ್ಲಿ ಮ್ಯಾನೇಜರ್ ಹುಬ್ಬೇರಿಸಿದರು. "ನೀವು ಯಾರಮ್ಮ?"

"ಇವರಿಗೆ ಈ ತಪ್ಪು ಕಲಿಸಿದವಳು."

ಅವಳು ನೋಟ್‌ಬುಕ್ ಬಿಚ್ಚಿಟ್ಟಳು. ಆರು ವಾರದ ಕೆಂಪು ಗೀಟುಗಳು. ಹಸಿವಾಯ್ತು ಯಾಕಂದ್ರೆ ಊಟ ಮಾಡ್ದೆ. ಕೊಡೆ ತಂದೆ, ಅದಕ್ಕೆ ಮಳೆ ಬಂತು. ಮ್ಯಾನೇಜರ್ ಪುಟ ತಿರುವುತ್ತಾ ಹೋದರು. ಬೋರ್ಡಿನಿಂದ ಅವನು ಪುಸ್ತಕಕ್ಕೂ ಇಳಿಸಿಕೊಂಡಿದ್ದ ಟೀಚರ್ ಕೋಪದ ವಾಕ್ಯ ಬಂದಾಗ ಅವರ ಮೀಸೆ ಅಲುಗಿತು.

"ತಮಾಷೆಯಾಗಿದೆ. ಆದ್ರೆ ಇದು ಸಾಕ್ಷಿ ಆಗಲ್ವಲ್ಲ."

"ಆಗೋದು ಬೇಡ. ಮಾತು ಹಿಂದೆಮುಂದೆ ಆಗಬಹುದು ಸರ್, ಗಡಿಯಾರ ಆಗಲ್ಲ. ಯಾವುದು ಮೊದಲು ಆಯ್ತು ಅಂತ ತಿಳಿಯೋಕೆ ನಿಮ್ಮ ಮೆಷೀನಲ್ಲಿ ಏನೂ ಇಲ್ವಾ?"

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದ ಅವನು ಆಗ ಬಾಯಿ ಬಿಟ್ಟ. "ಕಂಟ್ರೋಲ್ ಬೋರ್ಡಲ್ಲಿ ಎಲ್ಲಾ ಟೈಮ್ ಸಮೇತ ದಾಖಲಾಗಿರುತ್ತೆ ಸರ್. ಅದನ್ನ ತೆಗೆದು ನೋಡಿ ಅಂತ ಅವತ್ತೇ ಕೇಳ್ಕೊಂಡೆ. ನೀವು ವರದಿ ಸಾಕು ಅಂದ್ರಿ."

ಇಂಜಿನಿಯರ್‌ಗೆ ಫೋನ್ ಹೋಯಿತು. ಮುಕ್ಕಾಲು ಗಂಟೆ ಇಬ್ಬರೂ ಹೊರಗಿನ ಬೆಂಚಿನಲ್ಲಿ ಕಾದರು. ನಡುವೆ ಅವಳ ವ್ಯಾನಿಟಿ ಬ್ಯಾಗಿತ್ತು. ಅವನ ಕಾಲು ಒಂದೇ ಸಮ ಅದುರುತ್ತಿತ್ತು. ಅವಳು ಬ್ಯಾಗನ್ನು ಎತ್ತಿ ಮಡಿಲಿಗಿಟ್ಟುಕೊಂಡು ಸ್ವಲ್ಪ ಹತ್ತಿರ ಸರಿದಳು. ಕಾಲು ನಿಂತಿತು.

ಉತ್ತರ ಬಂತು. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಲಿಫ್ಟ್ ಜಾರಿದೆ. ಹನ್ನೊಂದು ನಿಮಿಷಕ್ಕೆ ಪವರ್ ಹೋಗಿದೆ. ಮ್ಯಾನೇಜರ್ ಹೊರಗೆ ಬಂದು, ಇವನಿಗೆ ಕುರ್ಚಿ ಕೊಡದೆ ನಿಲ್ಲಿಸಿದ್ದು ಈಗ ನೆನಪಾದವರಂತೆ, ತಾವೇ ನಿಂತು ಮಾತಾಡಿದರು. "ಸೋಮವಾರದಿಂದ ಡ್ಯೂಟಿಗೆ ಬನ್ನಿ. ನಾವು ಕೇಳಬೇಕಿತ್ತು. ಇನ್ಮೇಲೆ ವರದಿ ಕನ್ನಡದಲ್ಲೇ ಕೊಡಿ. ಇಂಗ್ಲಿಷ್ ಮಾಡಿಸ್ಕೊಳ್ಳೋದು ನಮ್ಮ ಜವಾಬ್ದಾರಿ."

ಬಸ್ ಸ್ಟಾಪಿನಲ್ಲಿ ಮಧ್ಯಾಹ್ನದ ಬಿಸಿಲು. ನೆರಳು ಒಬ್ಬರಿಗಾಗುವಷ್ಟೇ ಇತ್ತು. ಅವನು ಅವಳನ್ನು ಅಲ್ಲಿ ನಿಲ್ಲಿಸಿ ತಾನು ಬಿಸಿಲಲ್ಲಿ ನಿಂತ.

"ನಾಳೆಯಿಂದ ನಾನು ಕ್ಲಾಸಿಗೆ ಬರಲ್ಲ, ಟೀಚರ್."

ವರದಿ ಕನ್ನಡದಲ್ಲೇ ಸಾಕೆಂದಮೇಲೆ ಇನ್ನು ಯಾಕೆ ಬಂದಾನು? ದನಿ ಬದಲಾಗದಂತೆ ನೋಡಿಕೊಂಡು, "ಸರಿ" ಎಂದಳು.

"ಯಾಕೆ ಅಂತ ಕೇಳಲ್ವಾ?"

"ಯಾಕೆ?"

"ನನ್ನ ಮದುವೆ ಆಗ್ತೀರಾ ಅಂತ ಸ್ಟೂಡೆಂಟ್ ಟೀಚರ್‌ನ ಕೇಳಿದ್ರೆ ಚೆನ್ನಾಗಿರಲ್ಲ. ಅದಕ್ಕೆ."

ಅವಳು ನೆಲ ನೋಡಿದಳು. ರಸ್ತೆ ನೋಡಿದಳು. ಕೊನೆಗೆ ಅವನನ್ನು ನೋಡಿದಳು. ಅವಸರದ ಕ್ಷೌರದಲ್ಲಿ ಗಲ್ಲದ ಕೆಳಗೆ ಒಂದೆಳೆ ಗಾಯ, ಹಣೆಯ ಮೇಲೆ ಬೆವರು, ಉತ್ತರ ಏನೇ ಇದ್ದರೂ ಕೇಳಿಕೊಂಡೇ ಹೋಗುತ್ತೇನೆಂಬಂತೆ ಅಲ್ಲಾಡದ ಕಣ್ಣು.

"ಈ ಸಲ ಸರಿಯಾಗಿ ಯೋಚ್ನೆ ಮಾಡಿದ್ದೀರಾ? ನನಗೆ ಮುಂಗೋಪ. ತಪ್ಪು ಕಂಡ್ರೆ ತಿದ್ದದೆ ಬಿಡಲ್ಲ."

"ಆರು ವಾರ ತಿದ್ದಿಸ್ಕೊಂಡಿದ್ದೀನಲ್ಲ."

"ಭಾನುವಾರ ಅಮ್ಮ ಮನೇಲಿರ್ತಾರೆ. ದೊಡ್ಡಮ್ಮನ್ನ ಕರ್ಕೊಂಡು ಬನ್ನಿ." ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು, ನಗುವೂ ಬಂದಿತ್ತು. "ಬಿಸಿಲಲ್ಲಿ ಯಾಕೆ ನಿಂತಿದ್ದೀರಿ, ಈ ಕಡೆ ಬನ್ನಿ."

ಅವನು ಬಂದ. ಒಬ್ಬರ ನೆರಳಿನಲ್ಲಿ ಇಬ್ಬರು, ಭುಜಕ್ಕೆ ಭುಜ ತಾಗಿಸಿ ನಿಂತರು. ಬಸ್ಸು ಬಂದು ನಿಂತಿತು. ಕಂಡಕ್ಟರ್ ಇವರನ್ನು ನೋಡಿದ, ಇವರು ಅವನನ್ನು ನೋಡಲಿಲ್ಲ. ಬಸ್ಸು ಹೋಯಿತು. ಇನ್ನೊಂದು ಬರಲು ಅರ್ಧ ಗಂಟೆ ಬೇಕಿತ್ತು, ಅವರಿಗೆ ಅದು ಸಾಲದಾಯಿತು.