ಎರಡು ಗೆರೆ ಕಡಿಮೆ

“ಏಳಲ್ಲ ಅಂದ್ರೆ ಏಳಲ್ಲ!” ಎಂದಳು ಚೋಟು, ನೆಲದ ಮೇಲೆ ಮಲಗಿದಲ್ಲಿಂದಲೇ.

ಹೋಟೆಲ್ ರೂಮಿನಲ್ಲಿ ಮಂಚಕ್ಕೂ ಕಿಟಕಿಗೂ ನಡುವೆ ಒಂದು ಚಾಪೆಯಷ್ಟು ಜಾಗವಿತ್ತು. ಅಲ್ಲಿ ಬೆಡ್‌ಶೀಟ್ ಹಾಸಿಕೊಂಡು, ಎರಡೂ ಕೈ ಪಕ್ಕಕ್ಕಿಟ್ಟು, ಸ್ಕೇಲಿನಂತೆ ನೆಟ್ಟಗೆ ಅಂಗಾತ ಮಲಗಿದ್ದಳು. ತಲೆದಿಂಬು ಕೂಡ ಇರಲಿಲ್ಲ.

“ಹಾಲು ಹೇಗೆ ಕುಡೀತೀಯ?” ಅಮ್ಮ ಕೇಳಿದಳು.

“ಸ್ಟ್ರಾ ಹಾಕಿ ಕೊಡು.”

“ಬಾತ್‌ರೂಮಿಗೆ?”

ಚೋಟು ಸ್ವಲ್ಪ ಯೋಚಿಸಿದಳು. “ಅದಕ್ಕೆ ಮಾತ್ರ ಏಳ್ತೀನಿ. ಹೋದ ಹಾಗೇ ಬಂದ್ಬಿಡ್ತೀನಿ.”

ಇದಕ್ಕೆಲ್ಲ ಕಾರಣ ಒಬ್ಬ ಮರದ ಸಿಪಾಯಿ. ಥೀಮ್ ಪಾರ್ಕಿನಲ್ಲಿ ಡ್ರ್ಯಾಗನ್ ರೈಡಿನ ಬಾಗಿಲಲ್ಲಿ ಅವನು ಒಂದು ಕೈ ಚಾಚಿ ನಿಂತಿದ್ದಾನೆ. ತಲೆ ಅವನ ಅಂಗೈಗೆ ತಾಗಿದರೆ ಒಳಗೆ, ತಾಗದಿದ್ದರೆ ಹೊರಗೆ. ನೂರ ಇಪ್ಪತ್ತು ಸೆಂಟಿಮೀಟರ್. ನಿನ್ನೆ ಸಂಜೆ ಚೋಟು ಉಸಿರು ಬಿಗಿಹಿಡಿದು, ಕತ್ತು ಉದ್ದ ಮಾಡಿ ಅವನ ಕೈ ಕೆಳಗೆ ನಿಂತಳು. ಹಸಿರು ಟೋಪಿಯ ಅಕ್ಕ ಅವಳ ತಲೆಗೂ ಆ ಅಂಗೈಗೂ ನಡುವೆ ಬೆರಳು ತೂರಿಸಿದಳು.

“ಒಂದು ಬೆರಳು ಕಡಿಮೆ ಪುಟ್ಟಾ. ಮುಂದಿನ ವರ್ಷ ಬಾ.”

ಮುಂದಿನ ವರ್ಷವಂತೆ! ಈ ವರ್ಷ ಬರುವುದಕ್ಕೇ ಅಪ್ಪ ಎಷ್ಟೋ ತಿಂಗಳಿಂದ ರಜೆ ಕೂಡಿಟ್ಟಿದ್ದ. ಎರಡು ದಿನ ಪಾರ್ಕ್ ಸುತ್ತಿ ಆಗಿತ್ತು. ಇವತ್ತು ಎಲ್ಲರಿಗೂ ರೆಸ್ಟ್. ನಾಳೆ ಮತ್ತೆ ಪಾರ್ಕ್, ಸಂಜೆಗೆ ಊರಿನ ರೈಲು. ಅಂದರೆ ಡ್ರ್ಯಾಗನ್ ಹತ್ತುವುದಿದ್ದರೆ ನಾಳೆಯೇ ಹತ್ತಬೇಕು. ಚೋಟುವಿಗೆ ಅದು ಎಷ್ಟು ಬೇಕಾಗಿತ್ತೆಂದರೆ, ನಿನ್ನೆ ಅವಳು ಐಸ್‌ಕ್ರೀಮ್ ಕೂಡ ಅರ್ಧಕ್ಕೇ ಬಿಟ್ಟಿದ್ದಳು.

“ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಕಣೇ,” ಎಂದು ಅಪ್ಪ ಸಮಾಧಾನ ಮಾಡಿದ್ದ.

“ಸಿಪಾಯಿ ಅಳೆಯೋದು ಮೂರ್ತೀನೇ ಅಪ್ಪಾ!” ಎಂದು ಚೋಟು ಅತ್ತಿದ್ದಳು.

ಕೊನೆಗೆ ಅಮ್ಮ ಹೇಳಿದ ಮಾತೊಂದು ಅವಳ ಕಣ್ಣೊರೆಸಿತು. “ಬೆಳಿಗ್ಗೆ ಎಲ್ಲರೂ ಒಂಚೂರು ಉದ್ದ ಇರ್ತಾರೆ ಚೋಟು. ದಿನವೆಲ್ಲಾ ಓಡಾಡಿ, ಕೂತು, ನಿಂತು ಸಂಜೆಗೆ ಕುಗ್ಗಿರ್ತಾರೆ. ನೀನು ನಿಂತಿದ್ದು ಸಂಜೆ ಅಲ್ವಾ?” ಅಮ್ಮ ಆಸ್ಪತ್ರೆಯಲ್ಲಿ ಬೆನ್ನು ನೋವಿನವರಿಗೆ ವ್ಯಾಯಾಮ ಹೇಳಿಕೊಡುವವಳು. ಬೆನ್ನಿನ ವಿಷಯದಲ್ಲಿ ಅವಳ ಮಾತು ತಪ್ಪುವಂತಿಲ್ಲ.

ಬೆಳಿಗ್ಗೆ ಎದ್ದವಳೇ ಚೋಟು ಅಮ್ಮನ ಟೇಪು ತೆಗೆದು ಅಣ್ಣನ ಕೈಗೆ ಕೊಟ್ಟು ಗೋಡೆಗೆ ಒರಗಿ ನಿಂತಳು. ಅಣ್ಣ ಎರಡು ಸಲ ಅಳೆದ.

“ಎರಡು ಗೆರೆ ಕಡಿಮೆ,” ಎಂದ. ಟೇಪಿನಲ್ಲಿರುತ್ತವಲ್ಲ, ಆ ತೀರಾ ಸಣ್ಣ ಗೆರೆಗಳು.

ಒಂದು ರಾತ್ರಿ ಮಲಗಿದರೆ ಇಷ್ಟು ಉದ್ದ ಆಗುವುದಾದರೆ, ಇಡೀ ಹಗಲೂ ಮಲಗಿಬಿಟ್ಟರೆ? ಚೋಟು ಲೆಕ್ಕ ಹಾಕಿದಳು, ಮಲಗಿದಳು. ಮೆತ್ತನೆ ಹಾಸಿಗೆ ಬೆನ್ನಿಗೆ ಒಳ್ಳೆಯದಲ್ಲವೆಂದು ನೆಲದ ಮೇಲೆಯೇ ಮಲಗಿದಳು.

ಉಳಿದವರೂ ತಮ್ಮ ತಮ್ಮ ರೆಸ್ಟ್ ಶುರು ಮಾಡಿದರು. ಅಪ್ಪ ಸಿಟಿ ಬಸ್ ಡ್ರೈವರ್. ಅವನಿಗೆ ಬೇಕಾಗಿದ್ದು ಹಾರ್ನ್ ಕೇಳಿಸದ ನಿದ್ದೆ. ಅವನು ಮಂಚ ಹತ್ತಿ ಗೊರಕೆ ಹೊಡೆಯತೊಡಗಿದ. ಅಮ್ಮ ಕೊಳೆಬಟ್ಟೆಯ ಚೀಲ ಎತ್ತಿಕೊಂಡು ಕೆಳಗಿನ ವಾಷಿಂಗ್ ಮಷೀನ್ ರೂಮಿಗೆ ಹೊರಟಳು. “ಯಾರೂ ‘ಅಮ್ಮಾ’ ಅನ್ನದ ಕಡೆ ಕೂತು ಬಟ್ಟೆ ತಿರುಗೋದು ನೋಡ್ತೀನಿ. ಅದೇ ನನ್ನ ರೈಡು,” ಎಂದಳು.

ಆದರೆ ಅಣ್ಣನಿಗೆ ಏನೋ ಆಗಿತ್ತು.

ಹದಿಮೂರು ವರ್ಷದ ಅಣ್ಣ ತಂಗಿಯನ್ನು ಆಟಕ್ಕೆ ಸೇರಿಸಿಕೊಳ್ಳುವುದೆಂದರೆ ಅಪರೂಪ. ಇವತ್ತು ಅವನೇ ಮಂಡಿಯೂರಿ ಕೂತು, “ಚೋಟು, ಪೂಲಿಗೆ ಹೋಗೋಣ ಬಾರೇ,” ಎಂದ.

“ಬರಲ್ಲ.”

“ಹಾಗಾದ್ರೆ ಲಿಫ್ಟ್ ರೇಸ್? ನಾನು ಲಿಫ್ಟು, ನೀನು ಮೆಟ್ಟಿಲು.”

“ಕುಗ್ತೀನಿ. ಬರಲ್ಲ.”

ಅರ್ಧ ಗಂಟೆ ಬಿಟ್ಟು ಮತ್ತೆ ಬಂದ. ಕೆಳಗೆ ಟ್ರ್ಯಾಂಪೊಲಿನ್ ಇದೆ, ಎಷ್ಟು ಬೇಕಾದರೂ ಕುಣಿಯಬಹುದು ಎಂದ. ಆಮೇಲೆ ತನ್ನ ಹೊಸ ವಾಚನ್ನು ಒಂದು ದಿನ ಕಟ್ಟಿಕೊಳ್ಳಲು ಕೊಡುತ್ತೇನೆ ಎಂದ. ಚೋಟುವಿಗೆ ಅನುಮಾನ ಬಂತು. ಇಷ್ಟೊಂದು ಬೆಣ್ಣೆ ಹಚ್ಚುತ್ತಿದ್ದಾನೆ ಅಂದರೆ ಏನೋ ಇದೆ.

“ನಾನು ಡ್ರ್ಯಾಗನ್ ಹತ್ತೋದು ನಿಂಗೆ ಇಷ್ಟ ಇಲ್ಲ! ನೀನೊಬ್ನೇ ಹತ್ತಿದ್ದು ಅಂತ ಜಂಭ ಕೊಚ್ಕೋಬೇಕು, ಅದಕ್ಕೇ!”

ಜಂಭವೇನೂ ಕಡಿಮೆ ಇರಲಿಲ್ಲ. ನಿನ್ನೆ ಅಣ್ಣ ಒಬ್ಬನೇ ಕ್ಯೂನಲ್ಲಿ ಹೋಗಿ, ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು ಬಾಗಿಲಿನಿಂದ ಬಂದಿದ್ದ. “ಏನ್ ಸ್ಪೀಡು ಗೊತ್ತಾ! ನಾನು ಕಣ್ಣೇ ಮುಚ್ಚಲಿಲ್ಲ,” ಎಂದು ಊಟ ಮುಗಿಯುವವರೆಗೂ ಕೊರೆದಿದ್ದ.

ಈಗ ಅವನು ಎದ್ದು ಹೋದ.

ಮಧ್ಯಾಹ್ನ ಚೋಟು ಮುಖದ ಮೇಲೆ ಟವೆಲ್ ಹೊದ್ದು ಮಲಗಿದ್ದಳು. ಬೆನ್ನು ನೋಯುತ್ತಿತ್ತು, ಬೇಸರವಾಗಿತ್ತು, ಮೂಗು ತುರಿಸುತ್ತಿತ್ತು. ಅಷ್ಟರಲ್ಲಿ ಮಂಚದ ಆಚೆ ಬದಿಯಲ್ಲಿ ಸದ್ದಾಯಿತು. ಟವೆಲ್ ಸರಿಸಿ ಮಂಚದ ಕೆಳಗಿಂದ ನೋಡಿದಳು. ಅಣ್ಣನ ಎರಡು ಪಾದಗಳು ಕಂಡವು. ಅಪ್ಪನ ಫೋನಿನಲ್ಲಿ ಯಾವುದೋ ವಿಡಿಯೋ ಹಾಕಿದ್ದ.

ಟಕ್ ಟಕ್ ಟಕ್ ಟಕ್… ಅದು ಡ್ರ್ಯಾಗನ್ ಮೇಲಕ್ಕೆ ಹತ್ತುವ ಸದ್ದು! ಇನ್ನೇನು ಕೆಳಗೆ ಬೀಳಬೇಕು, ಜನ ಕಿರುಚಬೇಕು. ಸದ್ದು ನಿಂತುಹೋಯಿತು. ಮತ್ತೆ ಮೊದಲಿಂದ ಟಕ್ ಟಕ್ ಟಕ್. ಮತ್ತೆ ಅದೇ ಜಾಗದಲ್ಲಿ ನಿಂತಿತು. ಪ್ರತಿ ಸಲವೂ ಅಣ್ಣನ ಕಾಲ್ಬೆರಳುಗಳು ಗಟ್ಟಿಯಾಗಿ ಮಡಚಿಕೊಳ್ಳುತ್ತಿದ್ದವು.

ಅಪ್ಪನ ಗೊರಕೆ ನಿಂತಿತು. “ಏನೋ ಅದು?”

“ಅಪ್ಪಾ,” ಅಣ್ಣ ಪಿಸುಗುಟ್ಟಿದ. “ನಾಳೆ ಚೋಟು ಜೊತೆ ನೀನೇ ಹತ್ತು, ಪ್ಲೀಸ್.”

“ಇನ್ನೊಬ್ರು ಓಡಿಸೋ ಗಾಡೀಲಿ ಕೂತ್ರೆ ನಂಗೆ ತಲೆ ಸುತ್ತುತ್ತೆ, ಗೊತ್ತಲ್ಲ. ಅಮ್ಮ ‘ನನ್ನ ಕತ್ತು ನಂಗೆ ಬೇಕು’ ಅಂತಾಳೆ. ಚಿಕ್ಕವರ ಪಕ್ಕ ಹನ್ನೆರಡು ದಾಟಿದವರು ಕೂರಲೇಬೇಕು ಅಂತ ಬೋರ್ಡ್ ಬೇರೆ ಹಾಕಿದಾರೆ. ನೀನು ಹನ್ನೆರಡು ದಾಟಿದೀಯ, ನಿನ್ನೆ ಹತ್ತಿದೀಯ. ಇನ್ನೇನು?”

ಅಣ್ಣನ ಒಂದು ಪಾದ ಇನ್ನೊಂದರ ಮೇಲೇರಿತು.

“ಹತ್ತಲಿಲ್ಲ ಅಪ್ಪಾ. ಸೀಟಿನ ತನಕ ಹೋದೆ. ತುಂಬಾ ಹೆದರಿಕೆ ಆಯ್ತು. ಪಕ್ಕದಲ್ಲಿ ಬೇಡ ಅನ್ನೋರಿಗೆ ಅಂತ ಒಂದು ಸಣ್ಣ ಗೇಟ್ ಇದೆ. ಅದ್ರಲ್ಲಿ ಹೊರಗೆ ಬಂದ್ಬಿಟ್ಟೆ.”

ಅಪ್ಪ ನಗಲಿಲ್ಲ. “ಬಾ ಇಲ್ಲಿ,” ಎಂದ ಅಷ್ಟೆ. ಎರಡು ಪಾದಗಳೂ ಮಂಚದ ಮೇಲೆ ಹೋದವು.

ಮೊದಲು ಚೋಟುವಿಗೆ ಖುಷಿಯೋ ಖುಷಿ. ಸಿಕ್ಕಿಬಿದ್ದ ಕಳ್ಳ! ಇನ್ನು ಒಂದು ವರ್ಷ ಇದನ್ನೇ ಹೇಳಿ ಹೇಳಿ ಅವನನ್ನು ಕುಣಿಸಬಹುದು. ‘ಕಣ್ಣೇ ಮುಚ್ಚಲಿಲ್ಲ’ವಂತೆ! ನಗು ತಡೆಯಲು ಟವೆಲ್ ಬಾಯಿಗೆ ತುರುಕಿಕೊಂಡಳು.

ಆಮೇಲೆ ಟೇಪು ನೆನಪಾಯಿತು. ಬೆಳಿಗ್ಗೆ ಅಣ್ಣ ‘ಹತ್ತು ಗೆರೆ ಕಡಿಮೆ’ ಎಂದಿದ್ದರೆ ಅವಳು ನಂಬಿಬಿಡುತ್ತಿದ್ದಳು. ಅಲ್ಲಿಗೆ ಕತೆ ಮುಗಿಯುತ್ತಿತ್ತು. ಅವನು ಹಾಗೆ ಹೇಳಿರಲಿಲ್ಲ. ಇದು ನೆನಪಾದದ್ದೇ ತಡ, ನಗು ಎಲ್ಲಿಗೋ ಹೋಯಿತು.

ಚೋಟು ಎದ್ದು ಕೂತಳು. ಅಣ್ಣ ಮಂಚದ ಮೇಲಿಂದ ಬೆಚ್ಚಿಬಿದ್ದು ನೋಡಿದ.

“ನೀ… ನೀನು ಎದ್ದಿದ್ಯಾ?”

“ಈಗ ಎದ್ದೆ,” ಎಂದಳು ಚೋಟು, ಆಕಳಿಸುತ್ತಾ. “ಪೂಲಿಗೆ ಹೋಗೋಣ ನಡಿ.”

ಪೂಲಿನಲ್ಲಿ ಅವಳು ಹಾರಿದಳು, ಮೇಲೆ ಬಂದಳು, ಮತ್ತೆ ಹಾರಿದಳು. ಕುಗ್ಗಿದರೆ ಕುಗ್ಗಲಿ. ಡ್ರ್ಯಾಗನ್ ನೆನಪಾದಾಗಲೆಲ್ಲ ಇನ್ನೂ ಜೋರಾಗಿ ಹಾರುತ್ತಿದ್ದಳು. ಅಣ್ಣ ಮೊದಲು ಎಣಿಸುತ್ತಾ ಕೂಗುತ್ತಿದ್ದವನು ಹನ್ನೊಂದಕ್ಕೆ ನಿಲ್ಲಿಸಿದ.

“ಸಾಕು ಬಾರೇ, ಹೋಗಿ ಮಲ್ಕೋ. ನಾಳೆ ಸಿಪಾಯಿ ಹತ್ರ ನಿಲ್ಬೇಕಲ್ಲ,” ಎಂದು ತಾನೇ ಟವೆಲ್ ತಂದು ಅವಳ ತಲೆಯ ಮೇಲೆ ಹಾಕಿದ. ಸಂಜೆಯೇ ಮಲಗಿದ ಚೋಟು ಬೆಳಕಾಗುವವರೆಗೂ ಏಳಲಿಲ್ಲ.

ಮರುದಿನ ಪಾರ್ಕ್ ತೆರೆದ ಕೂಡಲೇ ನಾಲ್ವರೂ ಡ್ರ್ಯಾಗನ್ ರೈಡಿನ ಬಾಗಿಲಲ್ಲಿದ್ದರು. ಚೋಟು ತನ್ನ ಅತಿ ದೊಗಳೆ ಪ್ಯಾಂಟ್ ಹಾಕಿದ್ದಳು. ರಾತ್ರಿಯೇ ಒಂದು ಉಪಾಯ ಮಾಡಿಕೊಂಡಿದ್ದಳು: ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸಿಪಾಯಿಯ ಕೈ ಕೆಳಗೆ ನಿಂತು, ಪ್ಯಾಂಟಿನೊಳಗೆ ಮಂಡಿಯನ್ನು ಮೆಲ್ಲಗೆ ಒಂದಿಷ್ಟು ಮಡಚಿದಳು.

ಹಸಿರು ಟೋಪಿಯ ಅಕ್ಕ ಬೆರಳು ತೂರಿಸಿದಳು. “ಅಯ್ಯೋ, ಇವತ್ತೂ ಕಡಿಮೆ ಪುಟ್ಟಾ.”

“ಹೋಗ್ಲಿ ಬಿಡಿ ಅಕ್ಕ,” ಎಂದಳು ಚೋಟು. ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಕಣ್ಣು ಉರಿಯುತ್ತಿತ್ತು.

ಅಣ್ಣ ದೊಡ್ಡದಾಗಿ ಉಸಿರುಬಿಟ್ಟ. ತಿರುಗಿ ನಾಲ್ಕು ಹೆಜ್ಜೆ ಹೋದ. ಆಮೇಲೆ ನಿಂತು ಅವಳ ಮುಖ ನೋಡಿದ, ದೊಗಳೆ ಪ್ಯಾಂಟ್ ನೋಡಿದ. ವಾಪಸು ಬಂದ.

“ನೆಟ್ಟಗೆ ನಿಲ್ಲೇ.”

“ನೆಟ್ಟಗೇ ನಿಂತಿದೀನಿ.”

“ಚೋಟು. ಮಂಡಿ.”

ಚೋಟು ಅವನನ್ನೇ ನೋಡಿದಳು. ಅವನ ಮುಖ ಬಿಳುಚಿಕೊಂಡಿತ್ತು, ಆದರೆ ಅವನು ಕದಲಲಿಲ್ಲ. ಅವಳು ಮೆಲ್ಲಗೆ ಮಂಡಿ ನೆಟ್ಟಗೆ ಮಾಡಿದಳು. ನೆತ್ತಿ ಸಿಪಾಯಿಯ ಅಂಗೈಗೆ ತಾಗಿತು.

“ಅರೆ!” ಎಂದಳು ಹಸಿರು ಟೋಪಿಯ ಅಕ್ಕ. “ಯಾರು ಇವಳ ಜೊತೆ ಕೂರೋದು?”

“ನಾನು,” ಎಂದ ಅಣ್ಣ.

ಕ್ಯೂ ಬೇಗ ಬೇಗ ಮುಂದೆ ಹೋಯಿತು. ಸೀಟಿನ ಹತ್ತಿರ ಆ ಸಣ್ಣ ಗೇಟ್ ಇತ್ತು. ಅಣ್ಣ ಅದನ್ನು ನೋಡಿದ. ಚೋಟು ಅದು ಕಾಣದ ಹಾಗೆ ಆ ಬದಿಗೆ ಬಂದು ನಿಂತುಕೊಳ್ಳಬಹುದಿತ್ತು. ನಿಲ್ಲಲಿಲ್ಲ, ಸುಮ್ಮನೆ ಕಾದಳು. ಅಣ್ಣ ಸೀಟಿನಲ್ಲಿ ಕೂತ.

ಕಬ್ಬಿಣದ ಕಂಬಿ ಇಳಿದು ಇಬ್ಬರ ತೊಡೆಯ ಮೇಲೆ ಕೂತಿತು. ಗಾಡಿ ಹೊರಟಿತು. ಟಕ್ ಟಕ್ ಟಕ್. ಕೆಳಗೆ ಅಪ್ಪ ಅಮ್ಮ ಚಿಕ್ಕವರಾಗುತ್ತಾ ಹೋದರು. ಅಣ್ಣನ ಕೈ ತಡಕಾಡಿ ಅವಳ ಕೈ ಹಿಡಿದುಕೊಂಡಿತು. ಪೂರ್ತಿ ಒದ್ದೆಯಾಗಿತ್ತು.

“ಚೋಟು, ಮೊನ್ನೆ ನಾನು…”

“ಗೊತ್ತು,” ಎಂದಳು ಚೋಟು. “ಗಟ್ಟಿಯಾಗಿ ಹಿಡ್ಕೋ ಅಣ್ಣಾ, ನಂಗೂ ಹೆದರಿಕೆ ಆಗ್ತಿದೆ.”